ರಾಣೇಬೆನ್ನೂರಿನ ಪ್ರತಿ

ಈ ಸಂಗತಿಯನ್ನು ಚಹಾದಂಗಡಿಯಲ್ಲಿ ಹೇಳುವಾಗ ನಾನು ಬಹಳ ಮುಂದಾಲೋಚನೆಯ ಮನುಷ್ಯನಾಗಿರುತ್ತೇನೆ. ಮನೆಯಲ್ಲಿ ಹೇಳುವಾಗ ಅಷ್ಟಿಲ್ಲ. ಆ ಸಂಜೆ ನಾನು ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ಯಾರದೋ ಚಪ್ಪಲಿ ಮೆಟ್ಟಿಕೊಂಡು ಬಸ್ಸಿಳಿದು ಬಂದದ್ದನ್ನು ಮನೆಯವರು ನೋಡಿದ್ದಾರೆ. ಬರೆಯಲು ಕೂತರೆ ಈ ಎರಡೂ ಅಲ್ಲದ ಮೂರನೆಯದೊಂದು ಹೊರಡುತ್ತದೆ. ಆದ್ದರಿಂದ ಇದರಲ್ಲಿ ನಾನು ಚೆನ್ನಾಗಿ ಕಾಣುವ ಜಾಗ ಎಲ್ಲಾದರೂ ಬಂದರೆ, ಅಲ್ಲಿ ನನ್ನ ನೆನಪು ಕೈಯಾಡಿಸಿದೆ ಎಂದು ಓದುವವರು ತಿಳಿಯಬೇಕು.

ಹಾವೇರಿಯ ಒಂದು ಸಣ್ಣ ಬೀಜದ ಕಂಪನಿಯಲ್ಲಿ ನಾನು ಕಂಪ್ಯೂಟರು ನೋಡಿಕೊಳ್ಳುತ್ತೇನೆ. ಅಗಡಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕಂಪನಿಯ ಮಾಲೀಕರು ಹಳೆಯ ವ್ಯಾಪಾರಸ್ಥ ಮನೆತನದವರು, ಎಲ್ಲರಿಗೂ ಅವರು ಸಾವ್ಕಾರ್ರು. ಹಾವೇರಿಯಲ್ಲಿ ಕಚೇರಿ, ರಾಣೇಬೆನ್ನೂರಿನಲ್ಲಿ ಬೀಜದ ಅಂಗಡಿ, ಬ್ಯಾಡಗಿಯಿಂದ ಕದರಮಂಡಲಗಿಗೆ ಹೋಗುವ ರಸ್ತೆಯಲ್ಲಿ ಮೆಣಸಿನಕಾಯಿಯ ಪ್ರಯೋಗದ ಹೊಲ. ಆ ಹೊಲ ಒಬ್ಬ ಹೆಣ್ಣುಮಗಳ ಕೈಯಲ್ಲಿದೆ. ಬ್ಯಾಡಗಿಯವರೇ, ಧಾರವಾಡದಲ್ಲಿ ಕೃಷಿ ಓದಿದವರು. ಮನೆಯಲ್ಲಿ ಉರ್ದು, ಹೊಲದಲ್ಲಿ ಕನ್ನಡ, ಗಿಡಗಳ ಜೊತೆ ಎರಡೂ. ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರೂ ಅವರನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಾರೆ. ನಾನೂ ಹಾಗೇ.

ಆಪಾ ಮಾಡುತ್ತಿದ್ದದ್ದು ಒಂದೇ ಕೆಲಸ. ಬ್ಯಾಡಗಿ ಕಡ್ಡಿ ಎಂಬ ಸಪೂರ ಮೆಣಸಿನಕಾಯಿಯ ಸುಕ್ಕು, ಬಣ್ಣ ಹಾಗೇ ಉಳಿಯಬೇಕು, ಆದರೆ ಎಲೆ ಮುರುಟುವ ರೋಗಕ್ಕೆ ಗಿಡ ಬಗ್ಗಬಾರದು. ಇದಕ್ಕಾಗಿ ವರ್ಷವರ್ಷ ಹೂ ಬಿಡುವ ಕಾಲಕ್ಕೆ ಸಾಲುಸಾಲಾಗಿ ಬಗ್ಗಿ, ಮೊಗ್ಗು ಬಿಡಿಸಿ, ಚಿಮಟದಿಂದ ಕೇಸರಗಳನ್ನು ಕಿತ್ತು, ಇನ್ನೊಂದು ಗಿಡದ ಪರಾಗ ತಂದು ಸವರಿ, ತೊಟ್ಟಿಗೆ ದಾರದಿಂದ ಒಂದು ಚೀಟಿ ಕಟ್ಟುವುದು. ನಮ್ಮ ಕಡೆ ಇದಕ್ಕೆ ಕ್ರಾಸಿಂಗ್ ಎಂದೇ ಹೆಸರು. ಯಾವ ತಾಯಿಗೆ ಯಾವ ತಂದೆ ಎಂಬುದು ಗೊತ್ತಿದ್ದರೆ ಅದು ತಳಿ, ಇಲ್ಲದಿದ್ದರೆ ಬರೀ ಮೆಣಸಿನಕಾಯಿ. ಆ ವರ್ಷ ಸಾವ್ಕಾರ್ರು ಆಪಾಗೆ ಮೊದಲೇ ಹೇಳಿಬಿಟ್ಟಿದ್ದರು: ಈ ಹಂಗಾಮಿನಲ್ಲಿ ತೋರಿಸುವಂಥ ಕ್ರಾಸು ಬರದಿದ್ದರೆ ಮುಂದಿನ ವರ್ಷ ಆ ಹೊಲಕ್ಕೆ ಗೋವಿನಜೋಳ. ಆಪಾ ಅದನ್ನು ಕೇಳಿಸಿಕೊಂಡು, ಚಿಮಟ ತೆಗೆದುಕೊಂಡು ಹೊಲಕ್ಕೆ ಹೋದರಂತೆ.

ನನ್ನ ಪಾತ್ರ ಬರುವುದು ಇಲ್ಲಿ. ಕಂಪನಿಯ ಮಾಹಿತಿ ಒಂದೇ ಕಡೆ ಇರಬಾರದು, ದೂರದ ಇನ್ನೊಂದು ಊರಿನಲ್ಲಿ ಅದರ ಪ್ರತಿ ಇರಬೇಕು, ಇಲ್ಲಿ ಅನಾಹುತವಾದರೆ ಅಲ್ಲಿಂದ ಎದ್ದು ನಿಲ್ಲಬಹುದು ಎಂದು ನಾನು ಎಲ್ಲೋ ಓದಿದ್ದೆ. ಓದಿದ ಮೇಲೆ ಸುಮ್ಮನಿರುವ ಜಾತಿಯವನಲ್ಲ. ದೊಡ್ಡ ಹಾಳೆಯ ಮೇಲೆ ಹಾವೇರಿ ಒಂದು ಚೌಕ, ರಾಣೇಬೆನ್ನೂರು ಇನ್ನೊಂದು ಚೌಕ, ನಡುವೆ ಎರಡು ಬಾಣ ಬರೆದು ಸಾವ್ಕಾರ್ರ ಮುಂದೆ ಹಾಸಿದೆ. ಬೆಂಕಿ, ನೆರೆ, ಸಿಡಿಲು, ಭೂಕಂಪ, ಕಳವು ಎಂದು ಅನಾಹುತಗಳ ಹೆಸರನ್ನು ಒಂದೊಂದಾಗಿ ಹೇಳಿದೆ. ಅವರು ಅಡಿಕೆ ಅಗಿಯುತ್ತ ಕೇಳಿದರು.

“ರಾಣೇಬೆನ್ನೂರಿಗೂ ಇದ ಮಳಿ, ಇದ ಕರೆಂಟಲ್ಲೋ ತಮ್ಮಾ. ಇಲ್ಲಿ ಭೂಮಿ ನಡುಗಿದ್ರ ಅಲ್ಲೇನು ಜೋಗುಳ ಹಾಡತೈತಿ?”

ದೂರದ ಊರಿನ ಬಾಡಿಗೆ ದುಬಾರಿ, ಅಂಗಡಿಯ ಹಿಂದಿನ ಕೋಣೆ ಹೇಗೂ ಖಾಲಿ ಇದೆ ಎಂದೆ. ಇದು ಶಾಸ್ತ್ರಕ್ಕಲ್ಲ, ಜೇಬಿಗೆ ಹೊಂದುವ ಉತ್ತರ. ಅವರಿಗೆ ಹಿಡಿಸಿತು. ಹಾವೇರಿಯಲ್ಲಿ ಏನೇ ಬರೆದರೂ, ತಿದ್ದಿದರೂ ಕಣ್ಣುಮುಚ್ಚಿ ತೆರೆಯುವುದರೊಳಗೆ ರಾಣೇಬೆನ್ನೂರಿನಲ್ಲೂ ಹಾಗೇ ಆಗುತ್ತದೆ ಎಂದು ನಾನು ಚಿಟಿಕೆ ಹೊಡೆದು ತೋರಿಸಿದೆ. ಆ ಚಿಟಿಕೆ ನನಗೆ ಚೆನ್ನಾಗಿ ನೆನಪಿದೆ. ಅದರಲ್ಲಿ ಏನು ಹೇಳುತ್ತಿದ್ದೇನೆ ಎಂಬುದು ಆಗ ನನಗೇ ತಿಳಿದಿರಲಿಲ್ಲ.

ಇನ್ನೊಂದು ಪರಾಕ್ರಮವೂ ನನ್ನದೇ. ಆಪಾ ಅದುವರೆಗೆ ಪ್ರತಿ ಚೀಟಿಯ ಮೇಲೂ ಪೆನ್ಸಿಲಿನಿಂದ ತಾಯಿಯ ಗುರುತು, ತಂದೆಯ ಗುರುತು ಬರೆಯುತ್ತಿದ್ದರು. ಅದು ವೇಳೆಗೇಡು ಎಂದು ನಾನು ವಾದಿಸಿದೆ. ಚೀಟಿಯ ಮೇಲೆ ಬರೀ ಒಂದು ನಂಬರು ಸಾಕು, ಉಳಿದದ್ದು ಟ್ಯಾಬಿನಲ್ಲಿ ಒತ್ತಿಬಿಡಿ, ಅದು ಹಾವೇರಿಗೆ ಹೋಗುತ್ತದೆ, ಹಾವೇರಿಯಿಂದ ರಾಣೇಬೆನ್ನೂರಿಗೆ ಹೋಗುತ್ತದೆ, ಮೂರು ಊರಿನಲ್ಲಿ ನಿಮ್ಮ ಮೆಣಸಿನಕಾಯಿ ಭದ್ರ ಎಂದೆ. ಆಪಾ ಬಹಳ ದಿನ ಒಪ್ಪಲಿಲ್ಲ. ಕೊನೆಗೆ ಒಪ್ಪಿದ್ದು ನನ್ನ ವಾದಕ್ಕಲ್ಲ. ನಾನು ಹೊಲಕ್ಕೆ ಬಂದು ಮಾತಾಡುತ್ತ ಹೂಗಳನ್ನು ತುಳಿಯುವುದು ನಿಲ್ಲಲಿ ಎಂದು.

ರಾಣೇಬೆನ್ನೂರಿನ ಅಂಗಡಿಯ ಮ್ಯಾನೇಜರು ದೈವಭಕ್ತರು, ಮೃದು ಸ್ವಭಾವದವರು. ನನ್ನ ಯಂತ್ರ ಹೋಗಿ ಕೂತಾಗಿನಿಂದ ಅವರ ಬದುಕಿನಲ್ಲಿ ನೆಮ್ಮದಿ ಇರಲಿಲ್ಲ. ಕರೆಂಟು ಹೋಗಿ ಯಂತ್ರ ನಿಂತರೆ ನಾನು ಫೋನು ಮಾಡಿ ಕಿರಿಕಿರಿ ಮಾಡುತ್ತಿದ್ದೆ. ಯಂತ್ರ ನಿಂತಾಗೆಲ್ಲ ನನ್ನ ಮೊಬೈಲಿಗೆ ಎಚ್ಚರಿಕೆಯ ಸಂದೇಶ ಬರುವ ಏರ್ಪಾಡು ಮಾಡಿಕೊಂಡಿದ್ದೆ. ಕರೆಂಟು ದಿನಕ್ಕೆಷ್ಟೋ ಸಲ ಹೋಗುವ ಕಾಲದಲ್ಲಿ ಅವು ಸೊಳ್ಳೆಗಳ ಹಾಗೆ ಬರತೊಡಗಿದವು. ಬೇಸತ್ತು ಅವೆಲ್ಲ ಕಣ್ಣಿಗೆ ಬೀಳದ ಒಂದು ಮೂಲೆಗೆ ತಾವಾಗಿ ಹೋಗಿ ಬೀಳುವಂತೆ ಮಾಡಿದೆ. ಆಮೇಲೆ ವ್ಯವಸ್ಥೆ ಬಹಳ ಸುಸೂತ್ರವಾಗಿ ನಡೆಯುತ್ತಿದೆ ಎಂಬ ಭಾವನೆ ನನ್ನಲ್ಲಿ ಬಲವಾಯಿತು.

ಹೀಗಿರುವಾಗ ದಸರೆ ಬಂತು. ಮಹಾನವಮಿಯ ದಿನ ನಮ್ಮಲ್ಲಿ ಖಂಡೇಪೂಜೆ. ದುಡಿಯುವ ಸಾಮಾನುಗಳನ್ನೆಲ್ಲ ತೊಳೆದು, ಕುಂಕುಮ ಹಚ್ಚಿ, ಹೂ ಏರಿಸಿ, ಮರುದಿನ ಬನ್ನಿ ಮುಡಿಯುವವರೆಗೆ ಅವುಗಳನ್ನು ಮುಟ್ಟದೆ ಬಿಡುತ್ತಾರೆ. ಕಚೇರಿಯಲ್ಲಿ ತೂಕದ ಯಂತ್ರ, ಹೊಲಿಗೆ ಯಂತ್ರ, ಟ್ರ್ಯಾಕ್ಟರಿನ ಕೀಲಿಕೈ, ಕಂಪ್ಯೂಟರು ಎಲ್ಲಕ್ಕೂ ಪೂಜೆ. ಆಪಾ ಪ್ರತಿವರ್ಷ ತಮ್ಮ ಚಿಮಟವನ್ನು ಮೊದಲೇ ಕಳಿಸಿಕೊಡುತ್ತಾರೆ, ಅದಕ್ಕೂ ಒಂದು ಚೆಂಡುಹೂ. ಹೂ ಅರಳುವುದು ಹಬ್ಬ ನೋಡಿ ನಿಲ್ಲುವುದಿಲ್ಲವಾದ್ದರಿಂದ ಇನ್ನೊಂದು ಚಿಮಟ ಅವರ ಕೈಯಲ್ಲಿ ಹೊಲದಲ್ಲೇ ಇರುತ್ತದೆ. ಪೂಜೆ ಒಂದಕ್ಕೆ, ಕೆಲಸ ಇನ್ನೊಂದಕ್ಕೆ.

ಪೂಜೆಗೆ ಮೊದಲು ಸ್ವಚ್ಛ ಮಾಡಬೇಕಲ್ಲ. ಸಾವ್ಕಾರ್ರ ಮನೆತನದಲ್ಲಿ ಒಂದು ಪದ್ಧತಿ: ಯಜಮಾನನ ಗಾದಿಯನ್ನು ಯಜಮಾನನೇ ಝಾಡಿಸಬೇಕು, ಆಳಿನ ಕೈಗೆ ಕೊಡಬಾರದು. ಅವರ ಅಜ್ಜನ ಕಾಲಕ್ಕೆ ಗಾದಿಯ ಮೇಲೆ ಲೋಡು ಇತ್ತು, ತಿಜೋರಿಯ ಕೀಲಿ ಇತ್ತು. ಇವರ ಕಾಲಕ್ಕೆ ಕಂಪ್ಯೂಟರು ಇದೆ. ಅಷ್ಟಮಿಯ ದಿನ ಸಾವ್ಕಾರ್ರು ಮೇಜು ಒರೆಸಿದರು, ಕೀಬೋರ್ಡಿನ ಸಂದಿಗಳನ್ನು ಊದುಬತ್ತಿಯ ಕಡ್ಡಿಯಿಂದ ಗೋರಿದರು. ಹೊರಗಿನದಾದ ಮೇಲೆ ಒಳಗಿನದೂ ಆಗಲಿ ಎಂದು ಕೂತು, ಹಳೆಯದಾಗಿ ಕಂಡದ್ದನ್ನೆಲ್ಲ ತೆಗೆದುಹಾಕಿದರು. ಆಪಾ ಈ ವರ್ಷದ ಕ್ರಾಸುಗಳನ್ನೂ ಹಿಂದಿನವುಗಳ ಜೊತೆಗೇ, ಮೊದಲ ವರ್ಷದ ಇಸವಿ ಹೊತ್ತ ಫೋಲ್ಡರಿನಲ್ಲೇ ಇಟ್ಟಿದ್ದರು. ಸಾವ್ಕಾರ್ರಿಗೆ ಇಸವಿ ಕಂಡಿತು.

ನವಮಿಯ ಮುಂಜಾನೆ ಕಚೇರಿಯಲ್ಲಿ ಪೂಜೆ ಮುಗಿದು ನಾನು ಪೇಢೆ ಬಾಯಿಗಿಟ್ಟುಕೊಂಡಿದ್ದೆ. ಬ್ಯಾಡಗಿಯಿಂದ ಆಪಾರ ಫೋನು.

“ಅಣ್ಣಾರ, ಟ್ಯಾಬಿನ್ಯಾಗ ನನ್ನ ಮೆಣಸಿನಕಾಯಿ ಇಲ್ರಿ.”

ಎಲ್ಲಿ ನೋಡಿದಿರಿ, ಹೇಗೆ ನೋಡಿದಿರಿ ಎಂದು ನಾನು ದೊಡ್ಡವರು ಮಕ್ಕಳಿಗೆ ಕೇಳುವ ಧಾಟಿಯಲ್ಲಿ ಕೇಳಿದೆ. ಗಾಬರಿಯಾಗಬೇಡಿ, ಇಂಥ ಹೊತ್ತಿಗೆಂದೇ ರಾಣೇಬೆನ್ನೂರು ಇದೆ ಎಂದೆ. ಆ ವಾಕ್ಯ ಮುಗಿಯುವ ಮೊದಲೇ, ಬಾಯಲ್ಲಿದ್ದ ಪೇಢೆಯ ರುಚಿ ಹೋಯಿತು. ಹಾವೇರಿಯಲ್ಲಿ ಏನೇ ಮಾಡಿದರೂ ಟ್ಯಾಬಿನಲ್ಲೂ ರಾಣೇಬೆನ್ನೂರಿನಲ್ಲೂ ಹಾಗೇ ಆಗುತ್ತದೆ. ಅಳಿಸಿದರೆ ಅಲ್ಲೂ ಅಳಿಯುತ್ತದೆ. ಬೆಂಕಿ, ನೆರೆ, ಸಿಡಿಲು ಎಂದು ಎಣಿಸಿದ್ದೆನಲ್ಲ, ಅವು ಯಾವುದಕ್ಕೂ ಇಷ್ಟು ಅಚ್ಚುಕಟ್ಟಾಗಿ ಮೂರು ಊರಿನಲ್ಲಿ ಒಂದೇ ಸಲ ಕೆಲಸ ಮುಗಿಸಲು ಬರುವುದಿಲ್ಲ. ಅದಕ್ಕೆ ದಾರಿ ಹಾಕಿಕೊಟ್ಟವನು ನಾನು.

ಸಾವ್ಕಾರ್ರನ್ನು ಕೇಳಿದೆ. ಅವರು ಸಂಕೋಚವಿಲ್ಲದೆ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. ಅಳಿಸಿದ್ದು ಕಸದ ಬುಟ್ಟಿಯಲ್ಲಾದರೂ ಇರುತ್ತದಲ್ಲ ಎಂದು ನಾನು, ಪೂಜೆಯಾದ ಯಂತ್ರವೆಂಬುದನ್ನೂ ನೋಡದೆ, ಪರದೆಯ ಮೇಲಿನ ಆ ಚಿತ್ರ ಹುಡುಕಿದೆ.

“ಆ ಬುಟ್ಟಿ ತುಂಬಿತ್ತೋ. ಪೂಜಾದ ಖೋಲ್ಯಾಗ ಕಸ ಇಡತಾರೇನು? ಅದನ್ನೂ ಖಾಲಿ ಮಾಡೇನಿ.”

ಅಳಿದದ್ದನ್ನು ಮತ್ತೆ ಎತ್ತುವ ಒಂದು ಸಾಫ್ಟ್‌ವೇರ್ ಓಡಿಸಿದೆ. ಅದು ಬಹಳ ಹೊತ್ತು ಹುಡುಕಿ ಸಾವ್ಕಾರ್ರ ಮೊಮ್ಮಗಳ ಹುಟ್ಟುಹಬ್ಬದ ಕೇಕಿನ ಅರ್ಧ ಫೋಟೊ ಎತ್ತಿಕೊಟ್ಟಿತು. ಆಗ ಸಾವ್ಕಾರ್ರಿಗೂ ವಿಷಯ ತಿಳಿಯಿತು. ಹಣೆಯ ಕುಂಕುಮ ಬೆವರಿಗೆ ಇಳಿಯತೊಡಗಿತು. ಗೋವಿನಜೋಳದ ಮಾತಾಡಿದವರು ಅವರೇ, ಆದರೆ ಹೊಲವನ್ನು ಹೀಗೆ ಕಿತ್ತುಕೊಳ್ಳುವುದು ಅವರ ಮನಸ್ಸಿನಲ್ಲಿ ಇರಲಿಲ್ಲ.

ಅಭ್ಯಾಸಬಲದಿಂದ ರಾಣೇಬೆನ್ನೂರಿನ ಯಂತ್ರವನ್ನು ಕರೆದು ನೋಡಿದೆ. ಉತ್ತರವಿಲ್ಲ. ಎಚ್ಚರಿಕೆಗಳು ಹೋಗಿ ಬೀಳುವ ಆ ಮೂಲೆಯನ್ನು ತೆರೆದೆ. ಅಲ್ಲಿ ಯಂತ್ರ ನಿಂತಿದೆ, ನಿಂತಿದೆ, ನಿಂತಿದೆ ಎಂಬ ಸಂದೇಶಗಳು ಕೆಳಗೆ ಕೆಳಗೆ ಹೋಗುತ್ತಲೇ ಇದ್ದವು. ಅಷ್ಟಮಿಯವಲ್ಲ, ಅದಕ್ಕೂ ಹಿಂದಿನವು. ಅಷ್ಟು ದಿನಗಳಿಂದ ನಿಂತಿದ್ದರೆ ಅಳಿಸಿದ ಸುದ್ದಿ ಅದಕ್ಕೆ ಇನ್ನೂ ಮುಟ್ಟಿಲ್ಲ. ನಾನು ಮ್ಯಾನೇಜರಿಗೆ ಫೋನು ಹಚ್ಚಿದೆ. ಯಂತ್ರ ಬಂದ್ ಇದೆಯೇ ಎಂದು ಕೇಳಿದ್ದೇ ತಡ, ಅವರ ದನಿ ಕುಗ್ಗಿತು. ಹಬ್ಬದ ಸುಣ್ಣ ಹೊಡೆಸುವಾಗ ಮೇಲೆ ಹನಿ ಬೀಳಬಾರದೆಂದು ಬಿಚ್ಚಿ, ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದರಂತೆ. ಸುಣ್ಣ ಮುಗಿದು ಪೂಜೆಗೆ ಮತ್ತೆ ಜೋಡಿಸಿಟ್ಟಿದ್ದಾರೆ, ಗುಂಡಿ ಒತ್ತುವುದೊಂದು ಬಾಕಿ.

“ತಪ್ಪಾತ್ರಿ ಸರ. ಈಗ ಚಾಲೂ ಮಾಡತೇನ್ರಿ.”

“ಮಾಡಬ್ಯಾಡ್ರಿ.”

“ಸಿಟ್ಟಾಗಬ್ಯಾಡ್ರಿ ಸರ. ಇಲ್ಲೇ ನಿಂತೇನಿ, ಒತ್ತೇಬಿಡತೇನಿ.”

“ಸಿಟ್ಟಿಲ್ರಿ, ಖರೇನ ಹೇಳಾಕತ್ತೇನಿ, ಒತ್ತಬ್ಯಾಡ್ರಿ.”

“ಹಿಂಗ ಅನ್ನಾಕತ್ತೀರಿ ಅಂದ್ರ ಭಾಳ ಸಿಟ್ಟಾಗೀರಿ ಬಿಡ್ರಿ.”

ಅವರ ತಪ್ಪಿಲ್ಲ. ಒಂದು ವರ್ಷ ನಾನು ಯಂತ್ರ ಯಾಕೆ ಬಂದ್ ಎಂದು ಅರಚಿದವನು, ಈಗ ಬಂದ್ ಇರಲಿ ಎಂದರೆ ಕುಟುಕು ಮಾತೆಂದೇ ಯಾರಾದರೂ ತಿಳಿಯುತ್ತಾರೆ. ಗುಂಡಿ ಒತ್ತಿದರೆ ಯಂತ್ರ ಎದ್ದು ಹಾವೇರಿಯನ್ನು ಕೇಳುತ್ತದೆ, ಹಾವೇರಿಯಲ್ಲಿ ಫೋಲ್ಡರು ಇಲ್ಲವೆಂದು ತಿಳಿದು ತನ್ನದನ್ನೂ ಒರೆಸಿಕೊಳ್ಳುತ್ತದೆ. ಹಾವೇರಿಯ ಇಂಟರ್ನೆಟ್ ತಂತಿ ಕಿತ್ತರೆ ಸಾಕಿತ್ತು, ಕೈಯಳತೆಯಲ್ಲೇ ಇತ್ತು. ಅದು ನನಗೆ ಹೊಳೆದದ್ದು ಬಸ್ಸಿನಲ್ಲಿ. ಫೋನಿನಲ್ಲಿ ನನಗೆ ಹೊಳೆದದ್ದು ಬೇರೆಯೇ. ಯಂತ್ರಕ್ಕೆ ಕುಂಕುಮ ಹಚ್ಚುವುದನ್ನು ಕಂಡು ಪ್ರತಿವರ್ಷ ನಗುತ್ತ ಬಂದ ಮನುಷ್ಯ ನಾನು.

“ಪೂಜಾ ಮಾಡಿದ್ದನ್ನ ಬನ್ನಿ ಮುಡಿಯೂತನಕ ಮುಟ್ಟಬಾರದ್ರಿ,” ಎಂದೆ. “ಅಪಚಾರ ಆಗತೈತಿ.”

“ನೀವ ಹೇಳಿದ್ರಿ ಅಂದ ಮ್ಯಾಲೆ ಮುಟ್ಟಂಗಿಲ್ರಿ,” ಎಂದರು ಮ್ಯಾನೇಜರು.

ಅವರ ನೆನಪಿನಲ್ಲಿ ಇದು ಹೀಗಿಲ್ಲ. ಅಪಚಾರದ ಮಾತು ತಾವೇ ಆಡಿದ್ದು, ನಾನು ಬರೀ ಹೂಂಗುಟ್ಟಿದ್ದು ಎನ್ನುತ್ತಾರೆ. ಪಕ್ಕದಲ್ಲಿ ನಿಂತಿದ್ದ ಸಾವ್ಕಾರ್ರನ್ನು ಕೇಳಿದರೆ, ಫೋನು ಕಸಿದುಕೊಂಡು ಗದರಿಸಿದ್ದು ತಾವಂತೆ. ಒಂದೇ ಮಾತು, ಮೂರು ಬಾಯಿ. ಯಾವುದು ಮೂಲ, ಯಾವುದು ನಕಲು ಎಂದು ಹೇಳುವ ಧೈರ್ಯ ನನಗಿಲ್ಲ. ಹೊರಗೆ ಬಿಟ್ಟ ಚಪ್ಪಲಿಗಳ ರಾಶಿಯಲ್ಲಿ ಕಾಲಿಗೆ ಸಿಕ್ಕದ್ದನ್ನು ಮೆಟ್ಟಿ ನಾನು ಬಸ್‌ಸ್ಟ್ಯಾಂಡಿಗೆ ಓಡಿದ್ದಂತೂ ನಿಜ. ಅದಕ್ಕೆ ಇನ್ನೊಂದು ಚಪ್ಪಲಿಯ ಯಜಮಾನರೇ ಸಾಕ್ಷಿ.

ರಾಣೇಬೆನ್ನೂರಿನಲ್ಲಿ, ಫೋನಿನಲ್ಲಿ ನಾನಂದ ಮಾತು ಹಿಡಿದು ಆಪಾ ನನಗಿಂತ ಮೊದಲೇ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದರು. ಬೆರಳುಗಳಲ್ಲಿ ಇನ್ನೂ ಪರಾಗದ ಹಳದಿ. ಯಂತ್ರಕ್ಕೆ ಮೂರು ಬೆರಳಿನ ವಿಭೂತಿ, ಮೇಲೊಂದು ಸೇವಂತಿಗೆ ಹಾರ. ಅದರ ಇಂಟರ್ನೆಟ್ ತಂತಿ ಕಿತ್ತು, ಮ್ಯಾನೇಜರು ಕಣ್ಣು ಬೇರೆ ಕಡೆ ತಿರುಗಿಸಿಕೊಂಡ ಹೊತ್ತಿನಲ್ಲಿ ಗುಂಡಿ ಒತ್ತಿದೆ. ಫೋಲ್ಡರು ಇತ್ತು. ಹಿಂದಿನ ವರ್ಷಗಳೆಲ್ಲ ಇದ್ದವು. ಒಂದು ಡಿಸ್ಕಿಗೆ ಇಳಿಸಿ, ಅದನ್ನು ಇನ್ನೊಂದಕ್ಕೆ ಇಳಿಸಿ, ನಾನು ಗೆದ್ದವನ ಮುಖದಿಂದ ಆಪಾರ ಕಡೆ ನೋಡಿದೆ. ಅವರು ಪರದೆಯ ಕೆಳತುದಿಗೆ ಬೆರಳಿಟ್ಟಿದ್ದರು. ಅಲ್ಲಿಗೆ ಮುಗಿದಿತ್ತು. ಸುಣ್ಣ ಶುರುವಾದ ದಿನದಿಂದ ಈಚಿನದು ಏನೂ ಇರಲಿಲ್ಲ.

ಈ ಹಂಗಾಮಿನ ಮುಖ್ಯ ಕ್ರಾಸುಗಳು ನಡೆದದ್ದು ಅದರಿಂದೀಚೆಗೇ. ಮುರುಟು ರೋಗದ ನಡುವೆ ನೆಟ್ಟಗೆ ನಿಂತ ಒಂದೆರಡು ಗಿಡಗಳನ್ನು ಹುಡುಕಿ, ಅವುಗಳ ಪರಾಗವನ್ನು ಅವರು ಕಡ್ಡಿಯ ಹೂಗಳಿಗೆ ಸವರಿದ್ದರು. ಸಾವ್ಕಾರ್ರಿಗೆ ತೋರಿಸಬೇಕಾಗಿದ್ದದ್ದು ಅವನ್ನೇ. ಹೊಲದಲ್ಲಿ ಚೀಟಿಗಳು ಇದ್ದವು, ಪ್ರತಿಯೊಂದರ ಮೇಲೂ ನಾನು ಸಾಕೆಂದಿದ್ದ ಒಂದು ನಂಬರು ಇತ್ತು.

ವಿಜಯದಶಮಿಯ ಮುಂಜಾನೆ ಹೊಲಕ್ಕೆ ಹೋದೆವು. ಆಪಾ ಪ್ರತಿ ಗಿಡದ ಮುಂದೆ ಕೂತು, ಚೀಟಿ ಹಿಡಿದು, ಗಿಡವನ್ನು ನೋಡಿ, ತಾಯಿ ಇದು, ತಂದೆ ಇಂಥದ್ದು ಎಂದು ಹೇಳುತ್ತಿದ್ದರು. ನಾನು ಬದುವಿನ ಮೇಲೆ ಕೂತು ಒತ್ತುತ್ತಿದ್ದೆ. ತಾಯಿಯೇನೋ ಎದುರಿಗೇ ನಿಂತಿರುತ್ತದೆ. ತಂದೆ ಯಾರೆಂಬುದಕ್ಕೆ ಅವರ ನೆನಪೊಂದೇ ಆಧಾರ. ಮೊದಮೊದಲು ಸರಾಗವಾಗಿ ಹೋಯಿತು. ಆಮೇಲೆ ಒಂದು ಗಿಡದ ಮುಂದೆ ಅವರು ತಡವರಿಸಿದರು. ಆ ದಿನ ಎರಡು ಶೀಶೆಗಳಲ್ಲಿ ಎರಡು ಗಿಡಗಳ ಪರಾಗ ತಂದಿದ್ದರು. ಇದಕ್ಕೆ ಸವರಿದ್ದು ಯಾವುದು?

ನೆನಪೆಂಬುದು ತನಗೆ ಬೇಕಾದಂತೆ ಹೊಂದಿಸಿಕೊಳ್ಳುವ ಕಳ್ಳ ಎಂದು ಸಿಕ್ಕಸಿಕ್ಕಲ್ಲಿ ಬರೆದುಕೊಂಡು ತಿರುಗುವವನು ನಾನು. ಆ ಬದುವಿನ ಮೇಲೆ ಕೂತು ನಾನು ಹೇಳಿದ್ದೇನೆಂದರೆ, ಬಹುಶಃ ಅದೇ ಇರಬೇಕು, ನೆಟ್ಟಗಿದ್ದ ಗಿಡದ್ದೇ ಹಾಕಿಬಿಡೋಣ, ಖಾಲಿ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲ. ನನ್ನ ಕೈ ಆಗಲೇ ಒತ್ತಲು ಹೋಗಿತ್ತು.

“ಯಾರಿಗೆ ಚಂದ ಕಾಣಬೇಕ್ರಿ ಅಣ್ಣಾರ?” ಎಂದರು ಆಪಾ. ದನಿಯಲ್ಲಿ ಸಿಟ್ಟಿರಲಿಲ್ಲ. “ನನಗ ಗೊತ್ತಿಲ್ಲ. ಗೊತ್ತಿಲ್ಲ ಅಂತ ಹಾಕ್ರಿ.”

ಹಾಕಿದೆ. ಅವರು ಚೀಟಿ ಬಿಚ್ಚಿ, ಆಗತಾನೇ ಕಟ್ಟಿದ್ದ ಹೀಚನ್ನು ಉಗುರಿನಿಂದ ಚಿವುಟಿ ನೆಲಕ್ಕೆ ಹಾಕಿದರು. ಆಮೇಲೆ ಮುಂದಿನ ಗಿಡ. ಒಂದು ಉಳಿಯಿತು, ಎರಡು ಹೋದವು, ಮತ್ತೊಂದು ಉಳಿಯಿತು. ಪ್ರತಿ ಸಲ ಚಿವುಟುವ ಮೊದಲು ಅವರು ಚೀಟಿಯನ್ನು ತಿರುಗಿಸಿ ಹಿಂಬದಿ ನೋಡುತ್ತಿದ್ದರು, ಅಲ್ಲಿ ಪೆನ್ಸಿಲಿನ ಗುರುತು ಇರುವುದಿಲ್ಲ ಎಂದು ಗೊತ್ತಿದ್ದೂ. ನಾನು ತಲೆ ಎತ್ತಲಿಲ್ಲ. ಟ್ಯಾಬಿನ ಮೇಲೆ ಗೊತ್ತಿಲ್ಲ, ಗೊತ್ತಿಲ್ಲ ಎಂದು ಸಾಲು ಬೆಳೆಯುತ್ತ ಹೋಯಿತು. ನಾನು ಬದುಕಿನಲ್ಲಿ ಬರೆದ ಪ್ರಾಮಾಣಿಕ ಪುಟ ಇದೊಂದೇ ಇರಬೇಕು, ಅದೂ ಇನ್ನೊಬ್ಬರು ಹೇಳಿ ಬರೆಸಿದ್ದು.

ಮಧ್ಯಾಹ್ನದ ಹೊತ್ತಿಗೆ ಸಾವ್ಕಾರ್ರು ಬಂದರು. ಕೈಯಲ್ಲಿ ಬನ್ನಿಯ ಎಲೆ. ಬದುವಿನಲ್ಲೇ ನಿಂತು ಮೊದಲು ಆಪಾಗೆ ಕೊಟ್ಟರು.

“ಬಂಗಾರ ತಗೋರಿ ಆಪಾ.”

ಆಪಾ ಎರಡೂ ಕೈಯಲ್ಲಿ ತೆಗೆದುಕೊಂಡರು. ಸಾವ್ಕಾರ್ರು ಸಾಲಿನುದ್ದಕ್ಕೂ ಬಿದ್ದ ಹೀಚುಗಳನ್ನು ನೋಡಿದರು. ಬುಟ್ಟಿ ಖಾಲಿ ಮಾಡಿದ ಮನುಷ್ಯನಿಗೆ ಅವನ್ನು ಏನೆಂದು ಕೇಳುವ ಮುಖ ಇರಲಿಲ್ಲ. ನನ್ನ ಕಡೆ ನೋಡಿದರು. ನನಗೂ ಇರಲಿಲ್ಲ.

“ಉಳಿದದ್ದು ಭಾಳ ಕಡಿಮಿ ಆತೇನ್ರಿ?” ಎಂದರು ಕೊನೆಗೆ.

“ಕಡಿಮೀನ ರೀ,” ಎಂದರು ಆಪಾ. “ಆದ್ರ ಉಳದದ್ದು ಏನಂತ ಗೊತ್ತೈತಿ. ನಿಮಗ ರಾಶಿ ಬೇಕಂದ್ರ ಗೋವಿನಜೋಳ ಹಾಕ್ರಿ. ನಾ ಬ್ಯಾಡನ್ನಂಗಿಲ್ಲ.”

ಸಾವ್ಕಾರ್ರು ಧೋತರ ಎತ್ತಿ ಕಟ್ಟಿ, ಚೀಟಿ ಉಳಿದ ಗಿಡಗಳ ಪಕ್ಕಕ್ಕೆ ಒಂದೊಂದು ಕಟ್ಟಿಗೆ ನೆಡತೊಡಗಿದರು, ದನ ನುಗ್ಗಿದರೆ ಕಾಣಲಿ ಎಂದು. ಆಳಿನ ಕೈಗೆ ಕೊಡಲಿಲ್ಲ.

ಹಾವೇರಿಯಲ್ಲಿ ಮಾಡಿದ್ದು ಈಗ ರಾಣೇಬೆನ್ನೂರಿಗೆ ತಡವಾಗಿ ಮುಟ್ಟುವಂತೆ ಮಾಡಿದ್ದೇನೆ. ಹಳೆಯದರ ಒಂದು ಪ್ರತಿ ಬೇರೆಯಾಗಿ, ಯಾರೂ ಅಳಿಸಲಾಗದಂತೆ ಇರುತ್ತದೆ. ಇದನ್ನು ನಾನು ಮೊದಲೇ ಓದಿದ್ದ ಪುಸ್ತಕದಲ್ಲೇ ಮುಂದಿನ ಅಧ್ಯಾಯದಲ್ಲಿ ಬರೆದಿದ್ದರಂತೆ. ನಾನು ಬಾಣಗಳ ಚಿತ್ರದವರೆಗೆ ಓದಿ ಎದ್ದಿದ್ದೆ.

ಮರುವರ್ಷ ಆ ಹೊಲದ ಬಹುಪಾಲಿಗೆ ಗೋವಿನಜೋಳವೇ ಬಂತು. ಆಪಾಗೆ ಬಾವಿಯ ಕಡೆಯ ಒಂದು ಪಟ್ಟಿ ಉಳಿಯಿತು. ಉಳಿದ ಹಣ್ಣುಗಳ ಬೀಜ ಅಲ್ಲಿ ಬಿದ್ದು, ಎದ್ದು, ಹೂ ಬಿಡುವ ಹೊತ್ತಿಗೆ ಮುರುಟು ರೋಗ ಬಂತು. ಕೆಲವು ಗಿಡ ಮುದುಡಿದವು, ಕೆಲವು ಮುದುಡಲಿಲ್ಲ. ಸೋತಿತು ಎಂದುಕೊಂಡು ಸಮಾಧಾನ ಹೇಳಲು ನಾನು ಹೋದೆ. ಆಪಾ ನನ್ನನ್ನು ಸಾಲಿನೊಳಗೆ ಬಿಡಲಿಲ್ಲ, ಬದುವಿನಲ್ಲೇ ನಿಲ್ಲಿಸಿದರು. ಮುದುಡಿದ್ದು ಯಾವ ತಂದೆಯದ್ದು, ನಿಂತದ್ದು ಯಾವುದರದ್ದು ಎಂದು ಒಂದೊಂದನ್ನೂ ತೋರಿಸುತ್ತ ಹೋದರು. ಮಾತು ಎಷ್ಟು ಲಗುಬಗೆಯಲ್ಲಿತ್ತೆಂದರೆ ಅರ್ಧ ಉರ್ದುವಿಗೆ ಹೋಗಿತ್ತು. ಬದುವಿನಿಂದ ನನಗೆ ಎರಡೂ ಗಿಡಗಳು ಒಂದೇ ಥರ ಕಂಡವು. ನನಗಿಂತ ಮೊದಲೇ ಬಂದಿದ್ದ ಸಾವ್ಕಾರ್ರು ಮಾತ್ರ ನೆಟ್ಟಗೆ ನಿಂತ ಒಂದು ಗಿಡದ ಮುಂದೆ ಕೂತು ಎಲೆಯ ಹಿಂಬದಿ ನೋಡುತ್ತಿದ್ದರು. ಇದರ ಬೀಜ ಎಷ್ಟು ಸಾಲಿಗೆ ಆದೀತು ಎಂದು ಕೇಳಿದರು.

ಹಣ್ಣಾಗಲಿ ನೋಡೋಣ ಎಂದು ಹೇಳಿ ಆಪಾ ಮುಂದಿನ ಗಿಡಕ್ಕೆ ಬಗ್ಗಿದರು.